ನಿಮಗಿದು ಗೊತ್ತೆ? ತರಾವಾ ಕದನದ ಚಲನಚಿತ್ರ
ಪೆಸಿಫಿಕ್ ಮಹಾಸಾಗರದ ಗಿಲ್ಬರ್ಟ್ ದ್ವೀಪಸ್ತೋಮದಲ್ಲಿ, ತರಾವಾ ಎಂಬ ಹವಳದ ದ್ವೀಪವಲಯಕ್ಕೆ ಸೇರಿದ ಬೇಟಿಯೊ ಎಂಬ ಕಿರುನಡುಗಡ್ಡೆಗಾಗಿ 1943ರ ನವೆಂಬರ್ 20ರಿಂದ 23ರವರೆಗೆ ಅಮೆರಿಕದ ಮೆರೀನ್ ದಳಕ್ಕೂ ಜಪಾನೀ ಸೇನೆಗೂ ನಡೆದ ಘೋರ ಸಂಗ್ರಾಮವನ್ನು, ಗುಂಡಿನ ಮಳೆಯ ನಡುವೆಯೇ ನಿಂತು ಚಿತ್ರೀಕರಿಸಿದವರಲ್ಲಿ ನಾರ್ಮನ್ ಹ್ಯಾಚ್ ಪ್ರಮುಖನು. ಹೊಡೆಯುವ ಮೆರೀನರೂ ಎದುರಿನಿಂದ ಓಡಿಬರುವ ಜಪಾನೀಯರೂ ಒಂದೇ ಚೌಕಟ್ಟಿನೊಳಗೆ ಗೋಚರಿಸುವ ಅವನ ದೃಶ್ಯವು ಯುದ್ಧಚಿತ್ರಗಳಲ್ಲಿ ಅತಿ ವಿರಳವಾದುದು.

ಆದರೆ ಅಧಿಕಾರಿಗಳನ್ನು ಚಿಂತೆಗೀಡುಮಾಡಿದುದು ಶೌರ್ಯವಲ್ಲ. ಅಲೆಗಳಲ್ಲಿ ತೇಲುತ್ತಿದ್ದ, ಮರಳ ಮೇಲೆ ಬಿದ್ದಿದ್ದ ಸ್ವಪಕ್ಷದ ಶವಗಳು. ಸುಮಾರು ಸಾವಿರ ಅಮೆರಿಕನ್ನರು ಮಡಿದಿದ್ದ ಆ ಕದನದ ನಿಷ್ಠುರ ಸತ್ಯವನ್ನು ಜನರ ಕಣ್ಣಿಗೆ ಬೀಳಿಸಬಹುದೇ ಎಂಬ ಪ್ರಶ್ನೆ ಅಧ್ಯಕ್ಷ ರೂಸ್‌ವೆಲ್ಟರವರೆಗೂ ಹೋಗಲು, ಅವರು ರಣರಂಗವನ್ನು ಕಣ್ಣಾರೆ ಕಂಡಿದ್ದ ಪತ್ರಕರ್ತ ರಾಬರ್ಟ್ ಶೆರಾಡರ ಅಭಿಪ್ರಾಯವನ್ನು ಕೇಳಿ, ಪ್ರದರ್ಶನಕ್ಕೆ ಅನುಮತಿಯಿತ್ತರು. ಇದು ವಿವೇಕದ ನಿರ್ಣಯವೆಂದೇ ಹೇಳಬೇಕು. 1944ರಲ್ಲಿ ತೆರೆಕಂಡ, ಇಪ್ಪತ್ತು ನಿಮಿಷಗಳಷ್ಟೇ ಅವಧಿಯ ‘ವಿತ್ ದಿ ಮೆರೀನ್ಸ್ ಅಟ್ ತರಾವಾ’ ಎಂಬ ಆ ಚಿತ್ರಕ್ಕೆ ಮರುವರ್ಷ ಕಿರು ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಪ್ರಶಸ್ತಿಯೂ ದೊರೆಯಿತು.

ಚಿತ್ರದಲ್ಲಿ ಸೆರೆಯಾದ ಆ ಕದನದಲ್ಲಿ ಶರಣಾಗತಿಯೋ, ಅಪೂರ್ವ: ನಾಲ್ಕು ಸಾವಿರಕ್ಕೂ ಮಿಕ್ಕ ರಕ್ಷಣಾಪಡೆಯಲ್ಲಿ ಜೀವಂತವಾಗಿ ಸೆರೆಸಿಕ್ಕ ಜಪಾನೀ ಯೋಧರು ಕೇವಲ 17 ಮಂದಿ, ಉಳಿದ ಸೆರೆಯಾಳುಗಳು ಕೋಟೆಕೊತ್ತಲಗಳ ದುಡಿಮೆಗೆಂದು ಕರೆತರಲ್ಪಟ್ಟಿದ್ದ ಕೊರಿಯದ ಕೂಲಿಗಳು.