ಅಕ್ಕನಿಗೆ ಎರಡು ಮನೆ

ನಮ್ಮ ಭಾಷೆಯಲ್ಲಿ ಒಡಹುಟ್ಟಿದವಳಿಗೆ ಒಂದೇ ಹೆಸರಿಲ್ಲ. ಹಿರಿಯಳಾದರೆ ಅಕ್ಕ, ಕಿರಿಯಳಾದರೆ ತಂಗಿ. ಇಂಗ್ಲಿಷಿನವರು ಇಬ್ಬರನ್ನೂ ಒಂದೇ ಮಾತಿನಿಂದ ಕರೆದು, ಅಗತ್ಯ ಬಿದ್ದಾಗ ‘ದೊಡ್ಡ’, ‘ಚಿಕ್ಕ’ ಎಂಬ ವಿಶೇಷಣಗಳನ್ನು ಹಚ್ಚಿಕೊಳ್ಳುತ್ತಾರೆ. ಇದು ವ್ಯಾಕರಣಕ್ಕೆ ಸೇರಿದ ಸಂಗತಿಯೆಂದೇ ನಾನು ಬಹುಕಾಲ ತಿಳಿದಿದ್ದೆ. ಅಮೆರಿಕದ ಮಧ್ಯಪಶ್ಚಿಮ ಪ್ರಾಂತದ ಒಂದು ವಿಶ್ವವಿದ್ಯಾಲಯದಲ್ಲಿ 2012ರಿಂದ 2016ರವರೆಗೆ ಸಂಶೋಧನೆಗೆಂದು ಇದ್ದಾಗ, ಅಕ್ಕನಾಗುವುದೆಂದರೆ ಏನು ಎಂಬ ಪ್ರಶ್ನೆ ಒಂದು ರಾತ್ರಿ ನನ್ನ ನಿದ್ರೆಯನ್ನು ಕೆಡಿಸಿತು. ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅಲ್ಲಿ ಓದಿನ ಖರ್ಚು ಅಪಾರ. ಊಟ ವಸತಿಗಳ ಭಾರವನ್ನು ಇಳಿಸಿಕೊಳ್ಳಲು ನಾನು ಹುಡುಗಿಯರ ವಿದ್ಯಾರ್ಥಿನಿಲಯವೊಂದರ ಸಹಾಯಕ ಮೇಲ್ವಿಚಾರಕಿಯಾದೆ. ನನ್ನ ಕೈಕೆಳಗೆ ಎಂಟು ಜನ ‘ರೆಸಿಡೆಂಟ್ ಅಸಿಸ್ಟೆಂಟ್’ಗಳಿದ್ದರು. ನಮ್ಮ ಹಾಸ್ಟೆಲುಗಳ ಮಾನಿಟರನ್ನು ಕಂಡವರು ಈ ಹುದ್ದೆಯನ್ನು ಸ್ವಲ್ಪಮಟ್ಟಿಗೆ ಊಹಿಸಿಕೊಳ್ಳಬಹುದು. ಆದರೆ ಹೊಣೆ ಅದಕ್ಕಿಂತ ದೊಡ್ಡದು. ತಾನೂ ಓದುತ್ತಿರುವ ಇಪ್ಪತ್ತು ವರ್ಷದ ಹುಡುಗಿ, ತನಗಿಂತ ಒಂದೆರಡು ವರ್ಷ ಚಿಕ್ಕವರಾದ ಮೂವತ್ತು ನಾಲ್ವತ್ತು ಹುಡುಗಿಯರ ಅಂತಸ್ತಿಗೆ ಹಿರಿಯಳಾಗಿ ಅವರ ನಡುವೆಯೇ ವಾಸಿಸಬೇಕು. ಸರದಿಯ ರಾತ್ರಿ ಬೀಗದ ಕೈಗೊಂಚಲು ಹಿಡಿದು ಓಣಿಓಣಿಯನ್ನೂ ಸುತ್ತಬೇಕು. ಒಂದೇ ಕೋಣೆಯವರ ಜಗಳ ಬಿಡಿಸಬೇಕು. ಮನೆಯ ನೆನಪಿನಿಂದ ಅಳುವವಳ ಬಳಿ ಕೂರಬೇಕು. ನಿಯಮ ಮುರಿದದ್ದು ಕಣ್ಣಿಗೆ ಬಿದ್ದರೆ, ಮುರಿದವಳು ಯಾರೇ ಆಗಿರಲಿ, ವರದಿ ಬರೆಯಬೇಕು. ಇದಕ್ಕೆ ಪ್ರತಿಫಲವಾಗಿ ಕೋಣೆ, ಊಟ. ಕೆಲವೆಡೆ ಅಲ್ಪ ಸಂಬಳ. ಬೆಳಗ್ಗೆ ಗೆಳತಿ, ರಾತ್ರಿ ಕಾವಲುಗಾತಿ ಎಂಬಂಥ ಬಾಳು ಅದು.

ಇದೇ ಆವರಣದಲ್ಲಿ ಇನ್ನೊಂದು ಬಗೆಯ ಮನೆಗಳೂ ಇದ್ದವು. ಬಾಗಿಲ ಮೇಲೆ ಎರಡೋ ಮೂರೋ ಗ್ರೀಕ್ ಅಕ್ಷರಗಳು. ಒಳಗೆ ಪ್ರತಿಜ್ಞೆಯಿಂದ ಬಂಧುಗಳಾದ ವಿದ್ಯಾರ್ಥಿಗಳು. ಗಂಡುಮಕ್ಕಳದು ‘ಫ್ರೆಟರ್ನಿಟಿ’, ಹೆಣ್ಣುಮಕ್ಕಳದು ‘ಸೊರಾರಿಟಿ’. ಲ್ಯಾಟಿನ್ನಿನ ‘ಫ್ರಾತೆರ್’ ನಮ್ಮ ಸಂಸ್ಕೃತದ ‘ಭ್ರಾತೃ’ವಿನ ದಾಯಾದಿ, ‘ಸೊರೊರ್’ ಎಂಬುದು ‘ಸ್ವಸೃ’ವಿನ ಬಂಧು. ಗ್ರೀಕ್ ಅಕ್ಷರದ ಮೊದಲ ವಿದ್ಯಾರ್ಥಿಸಂಘವಾದ ‘ಫೈ ಬೀಟ ಕಪ್ಪ’ 1776ರ ಡಿಸೆಂಬರಿನಲ್ಲಿ, ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿತು. ಅಮೆರಿಕ ಸ್ವಾತಂತ್ರ್ಯ ಸಾರಿದ ವರ್ಷವೇ ಅದು. ಗುಟ್ಟಿನ ಕೈಕುಲುಕು, ಪ್ರಮಾಣವಚನಗಳಿಂದ ಆರಂಭವಾದ ಆ ಸಂಘ ಮುಂದೆ ವಿದ್ವತ್ತಿನ ಗೌರವಸಂಸ್ಥೆಯಾಯಿತು. ಆದರೆ ಗುಟ್ಟು, ಪ್ರಮಾಣ, ಬಾಂಧವ್ಯಗಳ ಆ ಮಾದರಿ ಬೇರೆ ಬೇರೆ ಸಂಘಗಳಾಗಿ ದೇಶವನ್ನೆಲ್ಲ ಹಬ್ಬಿತು.

ಹಬ್ಬಿದ್ದರೂ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ. ಕರಿಯ ವಿದ್ಯಾರ್ಥಿಗಳನ್ನು ಹೊರಗಿಟ್ಟ ಕಾಲದಲ್ಲಿ ಅವರು ತಮ್ಮದೇ ಮನೆ ಕಟ್ಟಿಕೊಂಡರು: 1906ರಲ್ಲಿ ಕಾರ್ನೆಲ್‌ನಲ್ಲಿ ‘ಆಲ್ಫ ಫೈ ಆಲ್ಫ’, 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳ ‘ಆಲ್ಫ ಕಪ್ಪ ಆಲ್ಫ’. ಭಾರತ ಮೂಲದ ಮಕ್ಕಳು ಹೆಚ್ಚಿದ ಮೇಲೆ ದಕ್ಷಿಣ ಏಷ್ಯದವರ ಸಂಘಗಳೂ ಬಂದವು. ಹ್ಯೂಸ್ಟನ್ನಿನಲ್ಲಿ 1998ರಲ್ಲಿ ಹುಟ್ಟಿದ ‘ಡೆಲ್ಟ ಫೈ ಒಮೇಗ’ ಅವುಗಳಲ್ಲೊಂದು. ನಮ್ಮಲ್ಲಿ ಜಾತಿಗೊಂದು ಹಾಸ್ಟೆಲು ಎದ್ದ ಕಥೆಯನ್ನು ಬಲ್ಲ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿಟ್ಟವನಿಗೆ ಮನೆ ಬೇಕು. ಮನೆ ಕಟ್ಟಿದವನು ಮತ್ತೆ ಬಾಗಿಲನ್ನೂ ಇಡುತ್ತಾನೆ.

ನನ್ನ ಎಂಟು ಜನರಲ್ಲಿ ಒಬ್ಬಳ ತಂದೆತಾಯಿ ಹಾಸನ ಜಿಲ್ಲೆಯ ಕಡೆಯವರು. ಅಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. ಮನೆಯ ಕನ್ನಡವನ್ನು ಚೆನ್ನಾಗಿ ಆಡುತ್ತಿದ್ದಳು. ಮೊದಲ ದಿನವೇ ನನ್ನನ್ನು ‘ಅಕ್ಕ’ ಎಂದಳು. ಆಕೆ ಹಳೆಯದೊಂದು ಸೊರಾರಿಟಿಯ ಸದಸ್ಯೆಯೂ ಆಗಿದ್ದಳು. ಆ ಸಂಘಗಳಲ್ಲಿ ಒಂದು ಪದ್ಧತಿಯುಂಟು: ಹೊಸದಾಗಿ ಸೇರಿದ ಪ್ರತಿಯೊಬ್ಬಳಿಗೂ ಹಳಬಳೊಬ್ಬಳನ್ನು ಜೊತೆಗೂಡಿಸಿ, ಅವಳನ್ನು ‘ಬಿಗ್’ ಎಂದೂ ಹೊಸಬಳನ್ನು ‘ಲಿಟಲ್’ ಎಂದೂ ಕರೆಯುತ್ತಾರೆ. ನಮ್ಮ ಅಕ್ಕ–ತಂಗಿಯರೇ! ಈ ಹುಡುಗಿಗೂ ಅಂಥ ಒಬ್ಬ ತಂಗಿ ಸಿಕ್ಕಿದಳು. ಆ ತಂಗಿಯ ಕೋಣೆ ಇದ್ದದ್ದು ಈ ಅಕ್ಕ ಕಾವಲಿರಬೇಕಾದ ಅಂತಸ್ತಿನಲ್ಲಿಯೇ.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಆಯ್ಕೆಯ ಸಮಿತಿಯಲ್ಲಿ ನಾನು ಇವಳಿಗೆ ವಿರುದ್ಧವಾಗಿ ಮಾತನಾಡಿದ್ದೆ. ಎರಡು ದೋಣಿಗಳಲ್ಲಿ ಕಾಲಿಟ್ಟವಳು ನಮಗೆ ಬೇಡವೆಂಬುದು ನನ್ನ ವಾದ. ಅದಕ್ಕೆ ಕಾರಣಗಳೂ ಇದ್ದವು. ಸಂಘದ ಮನೆಯಲ್ಲಿ ಒಂದು ವರ್ಷವಾದರೂ ವಾಸಿಸಬೇಕೆಂದು ಎಷ್ಟೋ ಸೊರಾರಿಟಿಗಳು ವಿಧಿಸುತ್ತವೆ. ನಮ್ಮ ಹುದ್ದೆಯವಳು ನಿಲಯದಲ್ಲಿಯೇ ಮಲಗಬೇಕು. ಆಗಸ್ಟಿನಲ್ಲಿ ತರಗತಿಗಳಿಗೆ ಮೊದಲು ನಮ್ಮ ತರಬೇತಿ. ಹೊಸ ಸದಸ್ಯರನ್ನು ಆರಿಸುವ ಸಂಘದ ಸಿದ್ಧತೆಯೂ ಅದೇ ದಿನಗಳಲ್ಲಿ. ಅವರ ಸಭೆ ವಾರಕ್ಕೊಮ್ಮೆ, ನಮ್ಮದೂ ವಾರಕ್ಕೊಮ್ಮೆ. ಶುಕ್ರವಾರ ಶನಿವಾರದ ರಾತ್ರಿಗಳು ಅವರಿಗೆ ಸಂಭ್ರಮ, ನಮಗೆ ಪಹರೆ.

ಹುಡುಗಿ ಈ ಆಕ್ಷೇಪಣೆಗಳಿಗೆ ಉತ್ತರವಾಗಿ ಒಂದು ದಿನಚರಿಯ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ವಿದ್ಯಾರ್ಥಿನಿಲಯದ ದಿನಗಳು ನೀಲಿ ಶಾಯಿಯಲ್ಲಿ, ಸಂಘದವು ಕೆಂಪಿನಲ್ಲಿ. ಎರಡೂ ಒಂದೇ ದಿನ ಬಿದ್ದ ಕಡೆ ಸುತ್ತು ಹಾಕಿ, ಆ ರಾತ್ರಿಯ ಸರದಿಯನ್ನು ಯಾರೊಡನೆ ಬದಲಿಸಿಕೊಂಡಿರುವೆನೆಂದು ಬರೆದಿದ್ದಳು. ಸಂಘದ ಮನೆಯಲ್ಲಿ ವಾಸಿಸುವ ಕಟ್ಟಳೆಯಿಂದ ಲಿಖಿತ ವಿನಾಯಿತಿ ಪಡೆದಿದ್ದಳು. ಅಲ್ಲಿ ಯಾವ ಪದಾಧಿಕಾರವನ್ನೂ ಆ ವರ್ಷ ಒಪ್ಪುವುದಿಲ್ಲವೆಂದು ಮೊದಲೇ ತಿಳಿಸಿದ್ದಳು. ಎರಡು ಕೆಲಸ ಮಾಡುವವರು ಸಾಮಾನ್ಯವಾಗಿ ಒಂದನ್ನು ಇನ್ನೊಂದರಿಂದ ಬಚ್ಚಿಡುತ್ತಾರೆ. ಇವಳು ಎರಡು ಮನೆಗೂ ಒಂದೇ ಪುಸ್ತಕ ತೋರಿಸಿದ್ದಳು. ಸಮಿತಿ ಒಪ್ಪಿತು. ನಾನು ಒಪ್ಪಲಿಲ್ಲ, ಸುಮ್ಮನಾದೆ.

ವೇಳೆಯ ಹೊಂದಾಣಿಕೆ ಕಷ್ಟವಾದರೂ ಸಾಧ್ಯ. ನಿಷ್ಠೆಯ ಹೊಂದಾಣಿಕೆ ಹಾಗಲ್ಲ. ಇದನ್ನು ಆ ಸಂಘಗಳೂ ಬಲ್ಲವು. ಹೊಸಬರ ಆಯ್ಕೆಯ ವಾರದಲ್ಲಿ ಅವರಿಗೆ ದಾರಿ ತೋರಿಸಲೆಂದು ಹಿರಿಯ ಸದಸ್ಯೆಯರು ಕೆಲವರನ್ನು ನೇಮಿಸುವ ಪದ್ಧತಿ ಅನೇಕ ಕಡೆ ಇದೆ. ಅಷ್ಟು ದಿನ ಅವರು ತಮ್ಮ ಸಂಘದ ಹೆಸರು, ಪದಕ, ಅಕ್ಷರಗಳನ್ನೆಲ್ಲ ಮರೆಮಾಡಿ ಯಾವ ಮನೆಗೂ ಸೇರದವರಂತೆ ಇರಬೇಕು. ಕೆಲವು ದಿನಗಳ ಆ ವ್ರತ ನಮ್ಮ ಹುಡುಗಿಗೆ ವರ್ಷವಿಡೀ ನಡೆಯಬೇಕಾಗಿತ್ತು.

ಎರಡನೆಯ ವರ್ಷದ ಅಕ್ಟೋಬರ್ ತಿಂಗಳು. ಶನಿವಾರ ಕಳೆದು ಭಾನುವಾರ ಹುಟ್ಟಿದ ಹೊತ್ತು, ಒಂದೂವರೆಯಿರಬೇಕು. ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಅವಳ ದನಿ: “ಅಕ್ಕಾ, ನನ್ನ ಲಿಟಲ್ ಸ್ನಾನದ ಮನೇಲಿ ಬಿದ್ದಿದಾಳೆ. ಎಬ್ಬಿಸಿದ್ರೆ ಏಳ್ತಿಲ್ಲ. ತುಂಬಾ ಕುಡಿದಿದಾಳೆ.”

ನಿದ್ದೆಗಣ್ಣಿನಲ್ಲಿ ನಾನು ಆಡಿದ ಮಾತನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. “ಇರು, ನಾನು ಬಂದು ನೋಡ್ತೀನಿ. ಆಮೇಲೆ ಯೋಚನೆ ಮಾಡೋಣ” ಎಂದೆ.

“ನೋಡೋದೇನಿಲ್ಲ ಅಕ್ಕ, ಆಂಬುಲೆನ್ಸಿಗೆ ಆಗಲೇ ಫೋನ್ ಮಾಡಿದೀನಿ. ನೀವು ಕೆಳಗಿನ ಬಾಗಿಲು ತೆಗೆಸಿ” ಎಂದು ಫೋನಿಟ್ಟಳು.

ನಾನು ಮೇಲೆ ಹೋದಾಗ ಕಂಡ ದೃಶ್ಯ ಇದು. ತಂಗಿಯನ್ನು ಮಗ್ಗುಲಾಗಿ ಮಲಗಿಸಿ, ವಾಂತಿ ಉಸಿರುನಾಳಕ್ಕೆ ಇಳಿಯದಂತೆ ತಲೆಯನ್ನು ಹಿಡಿದು ಅವಳು ನೆಲದ ಮೇಲೆ ಕುಳಿತಿದ್ದಳು. ಎದುರಿಗೆ ಅದೇ ಸಂಘದ ಇಬ್ಬರು ಹುಡುಗಿಯರು ಅಳುತ್ತ ನಿಂತಿದ್ದರು. ಫ್ರೆಟರ್ನಿಟಿಯೊಂದರ ಮನೆಯ ಕೂಟದಿಂದ ಇವಳನ್ನು ಎತ್ತಿಕೊಂಡು ಬಂದವರು ಅವರು. ಅಲ್ಲಿ ಇಪ್ಪತ್ತೊಂದು ವರ್ಷ ತುಂಬದವರಿಗೆ ಮದ್ಯ ಮಾರಕೂಡದು. 1984ರ ಕೇಂದ್ರ ಶಾಸನದ ಒತ್ತಡದಿಂದ ರಾಜ್ಯಗಳೆಲ್ಲ ಒಪ್ಪಿದ ಕಟ್ಟಳೆ ಅದು. ಬಿದ್ದವಳಿಗೆ ಹದಿನೆಂಟು. ಕುಡಿಸಿದವರಲ್ಲಿ ಸ್ವಂತ ಸಂಘದವರೂ ಇದ್ದರು. “ವರದಿ ಹೋದರೆ ನಮ್ಮ ಮನೆಯನ್ನೇ ಮುಚ್ಚುತ್ತಾರೆ. ನಿದ್ದೆ ಮಾಡಲಿ, ಬೆಳಗಿನವರೆಗೂ ನಾವೇ ಕಾಯುತ್ತೇವೆ. ನೀನು ನಮ್ಮವಳಲ್ಲವೆ?” ಎಂದು ಅವರು ಇಂಗ್ಲಿಷಿನಲ್ಲಿ ಬೇಡಿಕೊಳ್ಳುತ್ತಿದ್ದರು.

ಅವಳು ತಲೆಯೆತ್ತದೆ ಒಂದೇ ಮಾತು ಹೇಳಿದಳು: “ಇವಳೂ ನಮ್ಮವಳೇ.”

ಆಸ್ಪತ್ರೆಯ ವೈದ್ಯರು ಹುಡುಗಿಯನ್ನು ಉಳಿಸಿದರು. ಬೆಳಗಿನ ಜಾವ ನಾಲ್ಕು ಗಂಟೆಗೆ ಹಿಂತಿರುಗಿ ಬಂದವಳು ಬಟ್ಟೆ ಕೂಡ ಬದಲಾಯಿಸದೆ ವರದಿ ಬರೆಯಲು ಕುಳಿತಳು. ಮುಕ್ಕಾಲು ಪುಟದ ವರದಿ. ಕಂಡದ್ದು, ಕೇಳಿದ್ದು, ಗಂಟೆ, ನಿಮಿಷ, ಇದ್ದವರ ಹೆಸರು, ಊಹೆಯಿಲ್ಲ, ದೂಷಣೆಯಿಲ್ಲ. ಕೊನೆಯಲ್ಲಿ ಎರಡು ವಾಕ್ಯ ಸೇರಿಸಿದ್ದಳು: ಮೇಲೆ ಹೆಸರಿಸಿದ ವಿದ್ಯಾರ್ಥಿನಿಯರು ತನ್ನ ಸಂಘದವರೇ, ಆದ್ದರಿಂದ ಮುಂದಿನ ವಿಚಾರಣೆಯ ಯಾವ ಹಂತದಲ್ಲಿಯೂ ತನ್ನ ಅಭಿಪ್ರಾಯ ಕೇಳಬಾರದು, ಬೇರೊಬ್ಬರು ಅದನ್ನು ನಡೆಸಬೇಕು. ಪಕ್ಷಪಾತದ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಆ ಎರಡು ವಾಕ್ಯಗಳಷ್ಟು ನೇರವಾದದ್ದನ್ನು ಕಂಡಿಲ್ಲ. ಸಂಬಂಧವಿರುವುದು ದೋಷವಲ್ಲ, ಸಂಬಂಧವನ್ನು ಮುಚ್ಚಿಡುವುದು ದೋಷ. ಅದನ್ನು ಬಾಯಿಬಿಟ್ಟು ಹೇಳಿ ತೀರ್ಪಿನ ಪೀಠದಿಂದ ಇಳಿದವಳನ್ನು ಯಾರು ತಾನೆ ಎರಡು ದೋಣಿಯವಳೆನ್ನಬಹುದು?

ಕಥೆ ಇಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಕುಡಿದು ಬಿದ್ದವರಿಗಾಗಿ ನೆರವು ಕರೆದವರನ್ನು ಶಿಕ್ಷಿಸುವುದಿಲ್ಲವೆಂಬ ನಿಯಮ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ, ನಮ್ಮಲ್ಲಿಯೂ ಇತ್ತು. ಬಿದ್ದವಳಿಗೂ ಕರೆದವಳಿಗೂ ಶಿಕ್ಷೆಯಾಗಲಿಲ್ಲ. ಆದರೆ ಸಂಘಕ್ಕೆ ಒಂದು ವರ್ಷದ ನಿರ್ಬಂಧ ಬಿತ್ತು. ಸಂಘದ ಸಭೆಯಲ್ಲಿ ಇವಳ ಪಕ್ಕದ ಕುರ್ಚಿ ಖಾಲಿಯಾಗಿ ಉಳಿಯಿತು. ಊಟದ ಶಾಲೆಯಲ್ಲಿ ಗೆಳತಿಯರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದದ್ದನ್ನು ನಾನೇ ಕಂಡೆ. ನಿಲಯದಲ್ಲಿಯೂ ಕೆಲವರು ಇವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಎರಡು ಮನೆಯಿದ್ದವಳಿಗೆ ಆ ಚಳಿಗಾಲ ಒಂದು ಮನೆಯೂ ಇರಲಿಲ್ಲ.

ಸಂಘವನ್ನಾದರೂ ಬಿಟ್ಟುಬಿಡು ಎಂದು ನಾನೊಮ್ಮೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜಗಳ ಆಯ್ತು ಅಂತ ಯಾರಾದ್ರೂ ಮನೆ ಬಿಡ್ತಾರಾ ಅಕ್ಕ? ನೀವೇ ಹೇಳಿ” ಎಂದಳು. ಪ್ರತಿ ವಾರವೂ ಹೋಗಿ ಆ ಖಾಲಿ ಕುರ್ಚಿಯ ಪಕ್ಕ ಕುಳಿತಳು. ಫೆಬ್ರವರಿಯ ಒಂದು ಸಂಜೆ ಅವಳ ಲಿಟಲ್ ಬಂದು ಆ ಕುರ್ಚಿಯಲ್ಲಿ ಕುಳಿತಳಂತೆ. ಅದನ್ನು ಹೇಳುವಾಗ ಮಾತ್ರ ಅವಳ ಕಣ್ಣಿನಲ್ಲಿ ನೀರು ಕಂಡೆ.

ನಾನು ಊರಿಗೆ ಹಿಂತಿರುಗಿದ ಮೇಲೆ, 2017ರ ಫೆಬ್ರವರಿಯಲ್ಲಿ ಒಂದು ಸುದ್ದಿ ಓದಿದೆ. ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಫ್ರೆಟರ್ನಿಟಿಯೊಂದರಲ್ಲಿ ಹೊಸ ಸದಸ್ಯನಾಗಲು ಬಂದ ಹತ್ತೊಂಬತ್ತು ವರ್ಷದ ಹುಡುಗ, ವಿಪರೀತ ಕುಡಿಸಲ್ಪಟ್ಟು ಮೆಟ್ಟಿಲಿನಿಂದ ಬಿದ್ದ. ‘ಸೋದರರು’ ಸುತ್ತಲೂ ಇದ್ದರು. ನೆರವಿಗೆ ಕರೆ ಹೋದದ್ದು ಸುಮಾರು ಹನ್ನೆರಡು ಗಂಟೆಗಳ ಮೇಲೆ. ಹುಡುಗ ಉಳಿಯಲಿಲ್ಲ. ಮರುವರ್ಷ ಆ ರಾಜ್ಯದಲ್ಲಿ ಅವನ ಹೆಸರಿನಲ್ಲಿಯೇ ಕಠಿನವಾದ ಶಾಸನವಾಯಿತು. 2024ರ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಇನ್ನೊಂದು ಬಂದಿತು. ಪತ್ರಿಕೆಯನ್ನು ಮಡಿಸಿಟ್ಟು ನಾನು ಬಹಳ ಹೊತ್ತು ಕುಳಿತಿದ್ದೆ. “ಇರು, ಆಮೇಲೆ ಯೋಚನೆ ಮಾಡೋಣ” ಎಂಬ ನನ್ನ ಮಾತಿಗೂ ಆ ಹನ್ನೆರಡು ಗಂಟೆಗಳಿಗೂ ಇರುವ ನಂಟು ನನಗೆ ಗೊತ್ತಾಗದೆ ಇರಲಿಲ್ಲ.

ಈಗ ನಾನು ನಮ್ಮೂರ ಕಾಲೇಜಿನಲ್ಲಿ ಪಾಠ ಹೇಳುತ್ತ, ಹೆಣ್ಣುಮಕ್ಕಳ ಹಾಸ್ಟೆಲನ್ನೂ ನೋಡಿಕೊಳ್ಳುತ್ತೇನೆ. ಇಲ್ಲಿ ಗ್ರೀಕ್ ಅಕ್ಷರಗಳಿಲ್ಲ. ಆದರೆ ಊರಿನವರು, ಜಾತಿಯವರು, ಒಂದೇ ಬಸ್ಸಿನಲ್ಲಿ ಬಂದವರು ಎಂಬ ಕಾಣದ ಅಕ್ಷರಗಳು ಬಾಗಿಲುಬಾಗಿಲಿನ ಮೇಲೂ ಇವೆ. ರ್‍ಯಾಗಿಂಗನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ಮಾಡಿದ ನಿಯಮಾವಳಿ ನನ್ನ ಗೋಡೆಯ ಮೇಲೆ ತೂಗುತ್ತಿದೆ. ಗೋಡೆಯ ಕಾಗದ ರಾತ್ರಿ ಒಂದೂವರೆಗೆ ಎದ್ದು ಬಂದು ಯಾರ ತಲೆಯನ್ನೂ ಹಿಡಿಯುವುದಿಲ್ಲ. ಅದಕ್ಕೆ ಒಬ್ಬ ಅಕ್ಕ ಬೇಕು.

ಪ್ರತಿ ಜುಲೈಯಲ್ಲಿ ಮಾನಿಟರನ್ನು ಆರಿಸುವಾಗ ನಾನು ಈಗ ಕೇಳುವ ಪ್ರಶ್ನೆ ಬೇರೆ. ‘ನಿನಗೆ ಇಲ್ಲಿ ಸ್ನೇಹಿತೆಯರು ಎಷ್ಟು?’ ಎಂದು ಕೇಳುತ್ತೇನೆ. ಯಾರೂ ಇಲ್ಲವೆನ್ನುವವಳಿಗೆ ಆ ಕೈಗೊಂಚಲು ಕೊಡಲು ನನಗೆ ಮನಸ್ಸಾಗುವುದಿಲ್ಲ. ಬಹಳ ಜನ ಇದ್ದಾರೆ ಎನ್ನುವವಳಿಗೆ ಒಂದು ದಿನಚರಿಯ ಪುಸ್ತಕವನ್ನೂ ಎರಡು ಬಣ್ಣದ ಲೇಖನಿಗಳನ್ನೂ ಕೊಡುತ್ತೇನೆ.