ಕಣ್ಣಿನ ಬೇಟೆಗಾರ, ಮೂಗಿನ ಬೇಟೆಗಾರ

ನಾಯಿ ಸಾಕಲು ಹೊರಟವರು ಮೊದಲು ಕೇಳುವುದು ಅದು ಎಷ್ಟು ದೊಡ್ಡದಾಗುತ್ತದೆ ಎಂದು. ಈ ಲೆಕ್ಕದಲ್ಲಿ 33ರಿಂದ 38 ಸೆಂಟಿಮೀಟರ್ ಎತ್ತರದ, ಇಂಗ್ಲೆಂಡ್ ಮೂಲದ ಬೀಗಲ್ ಫ್ಲ್ಯಾಟಿಗೆ ಹೇಳಿ ಮಾಡಿಸಿದಂತಿದೆ. ಅದರ ಸುಮಾರು ಎರಡು ಪಟ್ಟು ಎತ್ತರ ನಿಲ್ಲುವ, ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ತೋಟದ ಮನೆಗಷ್ಟೇ ಸರಿ ಅನಿಸುತ್ತದೆ. ಈ ಲೆಕ್ಕವೇ ತಪ್ಪು. ಎರಡೂ ಮೊಲದ ಬೇಟೆಯಲ್ಲಿ ಹೆಸರಾದ ತಳಿಗಳು, ಆದರೆ ಮುಧೋಳ ಕಣ್ಣನ್ನು ನಂಬಿ ಬೇಟೆಯಾಡುತ್ತದೆ, ಬೀಗಲ್ ಮೂಗನ್ನು. ಮನೆಯಲ್ಲಿ ಅವು ಹೇಗಿರುತ್ತವೆ ಎಂಬುದಕ್ಕೆ ಎತ್ತರಕ್ಕಿಂತ ಈ ವ್ಯತ್ಯಾಸವೇ ಹೆಚ್ಚು ನಂಬಬಹುದಾದ ಸುಳಿವು.

ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನರಕೋಶಗಳು ಅಡ್ಡಪಟ್ಟಿಯಂತೆ ಒತ್ತಾಗಿರುತ್ತವೆ, ಗಿಡ್ಡ ಮೂತಿಯವುಗಳಲ್ಲಿ ಒಂದೆಡೆ ಗುಂಪುಗೂಡಿರುತ್ತವೆ ಎಂಬುದನ್ನು ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ತೋರಿಸಿದರು. ಬಯಲಿನಂಚಿನ ಸಣ್ಣ ಅಲುಗಾಟವನ್ನೂ ಹಿಡಿಯಲು ಅಂಥ ಪಟ್ಟಿ ಅನುಕೂಲ. ಉದ್ದ ಮೂತಿಯ ಮುಧೋಳದ್ದು ಬೇಟೆ ಕಂಡೊಡನೆ ಓಟ, ಆಳವಾದ ಎದೆ, ಬಿಲ್ಲಿನಂತೆ ಬಾಗುವ ಬೆನ್ನು; ನಾಗಾಲೋಟದ ಒಂದೊಂದು ಸುತ್ತಿನಲ್ಲೂ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ. ಮೊಲ ಸಿಕ್ಕರೂ ತಪ್ಪಿಸಿಕೊಂಡರೂ ಓಟ ಬೇಗ ಮುಗಿಯುತ್ತದೆ. ದಿನಕ್ಕೊಮ್ಮೆ ಬೇಲಿಯಿರುವ ಬಯಲಿನಲ್ಲಿ ಮನಸಾರೆ ಓಡಿದ ಮುಧೋಳ ಉಳಿದ ಹೊತ್ತು ಮನೆಯಲ್ಲಿ ಸದ್ದಿಲ್ಲದೆ ಮಲಗುವುದು ಇದರಿಂದಲೇ. ಬೇಲಿ ಮಾತ್ರ ಬೇಕೇಬೇಕು: ರಸ್ತೆಯಾಚೆ ಬೆಕ್ಕು ಓಡಿದರೆ ನಡುವಿನ ವಾಹನ ಅದರ ಗಮನಕ್ಕೇ ಬರುವುದಿಲ್ಲ. ಮೈಯಲ್ಲಿ ಕೊಬ್ಬು ಕಡಿಮೆ. ಅಂಥದೇ ಮೈಕಟ್ಟಿನ ಗ್ರೇಹೌಂಡ್‌ಗಳಲ್ಲಿ ಕೆಲವು ಅರಿವಳಿಕೆ ಔಷಧಗಳ ಅಮಲು ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಪಶುವೈದ್ಯರೊಡನೆ ಈ ವಿಷಯ ಮಾತಾಡಿ.

ವಾಸನೆಯ ಕಥೆ ಬೇರೆ. ಮೊಲ ಮರೆಯಾದ ಮೇಲೂ ಅದರ ಜಾಡು ನೆಲದಲ್ಲಿ ಉಳಿಯುತ್ತದೆ, ಹಾಗಾಗಿ ಬೀಗಲ್‌ಗಳ ಹಿಂಡು ತಾಸುಗಟ್ಟಲೆ ಮೂಸುತ್ತಾ ಸಾಗಬೇಕಿತ್ತು. ಹಿಂದೆ ಕಾಲ್ನಡಿಗೆಯಲ್ಲಿ ಬರುವ ಬೇಟೆಗಾರರಿಗೆ ಪೊದೆಗಳಾಚೆಯ ಹಿಂಡು ಎಲ್ಲಿದೆ ಎಂದು ತಿಳಿಯುತ್ತಿದ್ದದ್ದು ಕೂಗಿನಿಂದ. ನೆರೆಮನೆಯವರು ದೂರುವ ಆ ಊಳು ಕೆಟ್ಟ ಅಭ್ಯಾಸವಲ್ಲ, ಜನರೇ ಆರಿಸಿ ಬೆಳೆಸಿದ ಗುಣ. ಅಮೆರಿಕದ ಕೃಷಿ ಇಲಾಖೆ 1984ರಲ್ಲಿ ವಿಮಾನ ನಿಲ್ದಾಣಗಳಲ್ಲಿ ಕದ್ದುಮುಚ್ಚಿ ತಂದ ಹಣ್ಣು, ಮಾಂಸ ಪತ್ತೆಗೆ ಬೀಗಲ್‌ಗಳನ್ನು ಬಳಸತೊಡಗಿದ್ದೂ ದಣಿಯದ ಈ ಮೂಗಿಗಾಗಿ. ಅದೇ ಮೂಗಿಗೆ ಫ್ಲ್ಯಾಟಿನಲ್ಲಿ ಒಗ್ಗರಣೆ, ಕಸದ ಬುಟ್ಟಿ, ಲಿಫ್ಟಿನಲ್ಲಿ ಬಂದುಹೋದವರ ಜಾಡು ಎಲ್ಲವೂ ಕರೆಯೇ. ಕೆಲಸ ಕೊಡದೆ ಬರೀ ತಿನ್ನಲು ಕೊಟ್ಟರೆ ಬೇಗ ಬೊಜ್ಜು ಬರುತ್ತದೆ. ಹಿಂಡಿನ ನಾಯಿಯಾದ್ದರಿಂದ ಒಂಟಿಯಾಗಿ ಬಿಟ್ಟರೆ ಕೂಗುತ್ತದೆ.

ತಳಿ ನೋಡಿ ಸ್ವಭಾವ ಹೇಳಲಾಗದು ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಪರಿಶೀಲಿಸಿದ 2022ರ ಒಂದು ಅಧ್ಯಯನದಲ್ಲಿ, ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡಾ 9 ಮಾತ್ರ ಎಂದು ಕಂಡುಬಂತು. ಆದರೆ ಅದೇ ಅಧ್ಯಯನ ಊಳಿಡುವಂಥ ವರ್ತನೆಗಳಿಗೆ ತಳಿಯೊಂದಿಗೆ ನಂಟಿರುವುದನ್ನೂ ಗುರುತಿಸಿತು, ಬೀಗಲ್ ಅದರಲ್ಲಿ ಮುಂದಿತ್ತು. ಅಂದರೆ ನಿಮ್ಮ ನಾಯಿ ಪ್ರೀತಿಯದೋ ಸಿಡುಕಿನದೋ ಎಂಬುದನ್ನು ತಳಿ ಹೇಳಲಾರದು. ಬೇಟೆಗೆಂದು ತಿದ್ದಿದ ಚಲನೆ, ಕೂಗುಗಳ ಬಗ್ಗೆ ಹೇಳಬಲ್ಲದು. ನನ್ನ ವಾದ ನಿಂತಿರುವುದು ಇವುಗಳ ಮೇಲೆಯೇ. ಇನ್ನು, ಮುಧೋಳ ಅಪರಿಚಿತರ ಕೈಸೋಕಿದರೆ ಹಿಂಜರಿಯುತ್ತದೆ ಎಂಬ ಮಾತು ನಿಜ. ದಿನವೂ ನೆಂಟರಿಷ್ಟರು, ಮಕ್ಕಳ ಗೆಳೆಯರು ಬಂದುಹೋಗುವ ಮನೆಗೆ, ಯಾರಾದರೊಬ್ಬರು ಸದಾ ಜೊತೆಗಿದ್ದು ಉದ್ದನೆಯ ನಡಿಗೆಗೆ ಕರೆದೊಯ್ಯುವಂತಿದ್ದರೆ, ಬೀಗಲ್ ಒಳ್ಳೆಯದು. ಹಗಲೆಲ್ಲ ಸದ್ದು ಕಡಿಮೆಯಿರುವ, ಹತ್ತಿರದಲ್ಲೇ ಬೇಲಿ ಹಾಕಿದ ಬಯಲಿರುವ ಮನೆಗೆ ಮುಧೋಳವೇ ಮೇಲು. ಅಂಥ ಮನೆಯವರು ಮರಿಗಾಗಿ ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಲಿ, ಸಾಧ್ಯವಾದರೆ ತಾಯಿನಾಯಿಯನ್ನೂ ನೋಡಿ ಬರಲಿ.