ಸ್ವಂತ ಕಸುಬಿನವರಿಗೆ ಮುಂಜಾನೆಯ ಏಳುವಿಕೆ

ಬೇಗ ಮಲಗಿ ಬೇಗ ಏಳಬೇಕೆಂಬ ಹಿತವಚನವನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ವಾಗ್ಭಟನ ‘ಅಷ್ಟಾಂಗಹೃದಯ’ವು ದಿನಚರ್ಯೆಯನ್ನು ಹೇಳುವಾಗ ಬ್ರಾಹ್ಮೀ ಮುಹೂರ್ತದ ಏಳುವಿಕೆಯಿಂದಲೇ ಆರಂಭಿಸುತ್ತದೆ, ಆದರೆ ಆ ವಿಧಿಯನ್ನು ಸ್ವಸ್ಥನಾದವನಿಗೆ ಮಾತ್ರ ಅನ್ವಯಿಸಿದೆ ಎಂಬುದನ್ನು ಗಮನಿಸಬೇಕು. ನಿದ್ರೆಗೆಟ್ಟು ಬಳಲಿದವನು ಮುಂಜಾನೆ ಎದ್ದು ಸಾಧಿಸುವುದೇನೂ ಇಲ್ಲ. ಹಿತವಚನದ ಉತ್ತರಾರ್ಧವನ್ನು ಮಾತ್ರ ನೆನಪಿಟ್ಟು, ಪೂರ್ವಾರ್ಧವಾದ ‘ಬೇಗ ಮಲಗು’ ಎಂಬುದನ್ನು ಮರೆತಿರುವುದೇ ಮಹಾನಗರದ ಬಾಳುವೆಯ ದೋಷ.

ಈ ದೋಷಕ್ಕೆ ಹೆಚ್ಚಾಗಿ ತುತ್ತಾಗುವವರು ಸ್ವಂತ ಕಸುಬಿನಿಂದ ಸಂಸಾರ ಸಾಗಿಸುವ ತಂದೆತಾಯಿಗಳು. ಕಚೇರಿಯ ನೌಕರನಿಗೆ ಕೆಲಸ ಮುಗಿಯುವ ಹೊತ್ತೆಂಬುದೊಂದಿದೆ. ದರ್ಜಿಗೆ, ಮನೆಯಲ್ಲಿ ಪಾಠ ಹೇಳುವವರಿಗೆ, ಹಪ್ಪಳ ಉಪ್ಪಿನಕಾಯಿ ಮಾಡಿ ಮಾರುವ ಗೃಹಿಣಿಗೆ, ಅಂಗಡಿಗಳ ಲೆಕ್ಕಪತ್ರ ಬರೆಯುವವರಿಗೆ ಅಂಥ ಹೊತ್ತಿಲ್ಲ. ಬಂದ ಗಿರಾಕಿಯನ್ನು ಕಳೆದುಕೊಳ್ಳುವ ಭಯ ಅವರನ್ನು ನಡುರಾತ್ರಿಯವರೆಗೂ ಎಚ್ಚರವಾಗಿರಿಸುತ್ತದೆ.

ಉದಾಹರಣೆಗಾಗಿ ಮುಂಬಯಿಯ ಉಪನಗರವೊಂದರ ದರ್ಜಿಯನ್ನು ಕಲ್ಪಿಸಿಕೊಳ್ಳಬಹುದು. ರಾತ್ರಿ ಒಂಬತ್ತೂವರೆಗೆ ಅಂಗಡಿ ಮುಚ್ಚಿ ಮನೆ ಸೇರುವಷ್ಟರಲ್ಲಿ ಎಂಟು ವರ್ಷದ ಮಗಳು ಮಲಗಿರುತ್ತಾಳೆ. ಊಟದ ಬಳಿಕ ಗುಂಡಿ ಹಚ್ಚುವುದು, ಲೆಕ್ಕ ಬರೆಯುವುದು, ಮೊಬೈಲಿನಲ್ಲಿ ಗಿರಾಕಿಗಳಿಗೆ ಉತ್ತರಿಸುವುದು, ಮಲಗುವಾಗ ಹನ್ನೆರಡೂವರೆ. ಬೆಳಿಗ್ಗೆ ಏಳೂವರೆಗೆ ಎಚ್ಚರವಾದಾಗ ಶಾಲೆಯ ಬಸ್ಸು ಮಗಳನ್ನು ಕರೆದೊಯ್ದಿರುತ್ತದೆ. ಹೀಗೆ ವಾರದ ಆರು ದಿನವೂ ತಂದೆ ಮಗಳನ್ನು ನೋಡುವುದು ಆಕೆ ನಿದ್ದೆಯಲ್ಲಿರುವಾಗ ಮಾತ್ರ. ಇಂಥ ಮನೆಯಲ್ಲಿ ಮುಂಜಾನೆಯ ಏಳುವಿಕೆ ಆರೋಗ್ಯದ ಪ್ರಶ್ನೆಯಷ್ಟೇ ಅಲ್ಲ, ಮಕ್ಕಳ ಬಾಲ್ಯದ ಪ್ರಶ್ನೆಯೂ ಹೌದು. ಆ ಬಾಲ್ಯ ಯಾವ ಗಿರಾಕಿಗಾಗಿಯೂ ಕಾಯುವುದಿಲ್ಲ.

ದೇಹದೊಳಗಿನ ಗಡಿಯಾರ

ಮನುಷ್ಯನ ಮೆದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿರುವ ನರಕೋಶಗಳ ಸಣ್ಣ ಗುಂಪೊಂದು ದೇಹದ ಗಡಿಯಾರದಂತೆ ಕೆಲಸಮಾಡುತ್ತದೆ. ಸಾಮಾನ್ಯವಾಗಿ ಇದರ ಸುತ್ತು 24 ಗಂಟೆಗಳಿಗಿಂತ ತುಸು ದೀರ್ಘ. ಕಣ್ಣಿನ ಮೂಲಕ ಬರುವ ಬೆಳಕೇ ಪ್ರತಿದಿನ ಇದನ್ನು ಸರಿಪಡಿಸುತ್ತದೆ. ಮುಂಜಾನೆಯ ಬೆಳಕು ಗಡಿಯಾರವನ್ನು ಮುಂದೂಡಿ ಬೇಗ ನಿದ್ದೆ ಬರುವಂತೆ ಮಾಡುತ್ತದೆ. ರಾತ್ರಿಯ ಪ್ರಖರ ಬೆಳಕು ನಿದ್ರೆಯ ಸೂಚನೆ ನೀಡುವ ಮೆಲಟೋನಿನ್ ಎಂಬ ರಸದ ಸ್ರಾವವನ್ನು ತಡಮಾಡುತ್ತದೆ. ಇಂಥ ದೈನಿಕ ಲಯವನ್ನು ನಿಯಂತ್ರಿಸುವ ವಂಶವಾಹಿಗಳ ರಹಸ್ಯವನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಎಂಬ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ರೆ ಬೇಕು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆಗಳು. ಬಹುಕಾಲ ನಿದ್ರೆ ಸಾಲದವರಲ್ಲಿ ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಹೆಚ್ಚಾಗಿ ಕಂಡುಬರುತ್ತವೆ. ಆದುದರಿಂದ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಿದ್ರೆಗೂ ಅನ್ವಯಿಸಿಕೊಳ್ಳಬೇಕು. ಮಲಗುವ ಹೊತ್ತನ್ನು ಬದಲಿಸದೆ ಏಳುವ ಹೊತ್ತನ್ನು ಮಾತ್ರ ಹಿಂದಕ್ಕೆಳೆಯುವುದು ಸಾಲ ಮಾಡಿದಂತೆ.

ಅಭ್ಯಾಸದ ಕ್ರಮ

ಹನ್ನೆರಡೂವರೆಗೆ ಮಲಗುವವನು ಒಮ್ಮೆಲೇ ಹತ್ತೂವರೆಗೆ ಮಲಗಲು ಹೊರಟರೆ ಹಾಸಿಗೆಯಲ್ಲಿ ಹೊರಳಾಡುವುದೇ ಫಲ. ನಾಲ್ಕು ದಿನಗಳಿಗೊಮ್ಮೆ 15 ನಿಮಿಷದಂತೆ ಮಲಗುವ, ಏಳುವ ಹೊತ್ತುಗಳೆರಡನ್ನೂ ಹಿಂದಕ್ಕೆ ತಂದರೆ ಎಂಟು ಹಂತಗಳಲ್ಲಿ, ಅಂದರೆ 32 ದಿನಗಳಲ್ಲಿ, ಎರಡು ಗಂಟೆಗಳ ಬದಲಾವಣೆ ಸಾಧ್ಯ. ಭಾನುವಾರವೂ ಅದೇ ಹೊತ್ತಿಗೆ ಏಳತಕ್ಕದ್ದು. ಒಂದು ದಿನದ ಸಡಿಲಿಕೆ ವಾರದ ಶ್ರಮವನ್ನು ಕೆಡಿಸಬಲ್ಲದು.

ಇದಕ್ಕೆ ಅಂಗಡಿ ಮುಚ್ಚುವ ಹೊತ್ತನ್ನು ನಿಶ್ಚಯಿಸುವುದೇ ಮೊದಲ ಹೆಜ್ಜೆ, ಮತ್ತು ಅದೇ ಕಠಿಣವಾದುದು. ಎಂಟೂವರೆಗೆ ಮುಚ್ಚಲಾಗುವುದೆಂದು ಬಾಗಿಲಲ್ಲಿ ಬರೆದು ಹಾಕಿದರೆ ಕೆಲವು ಗಿರಾಕಿಗಳು ಗೊಣಗಬಹುದು, ಒಬ್ಬಿಬ್ಬರು ಬೇರೆಡೆಗೆ ಹೋಗಲೂಬಹುದು. ಆ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಊಟ ಒಂಬತ್ತರ ಹೊತ್ತಿಗೆ ಮುಗಿಯಲಿ. ಆಮೇಲೆ ಬರುವ ವಿಚಾರಣೆಗಳಿಗೆ ಮರುದಿನ ಉತ್ತರಿಸಿದರೆ ಸಾಕು. ಚಹ ಕಾಫಿಗಳಲ್ಲಿರುವ ಕೆಫೀನಿನ ಅರ್ಧಾಂಶ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕಾಗುವುದರಿಂದ ಸಂಜೆಯ ಚಹವನ್ನು ನಾಲ್ಕರೊಳಗೆ ಮುಗಿಸುವುದು ಲೇಸು.

ಎದ್ದೊಡನೆ ಅರ್ಧ ಗಂಟೆಯವರೆಗೂ ಬುದ್ಧಿ ಮಂಕಾಗಿರುವುದು ಸಹಜ. ಆ ಹೊತ್ತಿನಲ್ಲಿ ಕತ್ತರಿ ಹಿಡಿಯುವುದು ಸಲ್ಲದು. ಮುಖ ತೊಳೆದು, ದೀಪ ಹಾಕಿ, ನಾಲ್ಕು ಹೆಜ್ಜೆ ಓಡಾಡಿದರೆ ಮಂಕು ಕಳೆಯುತ್ತದೆ.

ಗಡಿಯಾರದ ಐದು ಗಂಟೆ ಎಲ್ಲ ಊರುಗಳಲ್ಲೂ ಒಂದೇ ಅಲ್ಲ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿದೆ. ಮುಂಬಯಿಯ ಸೂರ್ಯ ಅದಕ್ಕಿಂತ ಸುಮಾರು 39 ನಿಮಿಷ ಹಿಂದೆ. ಜನವರಿಯ ನಡುವಿನಲ್ಲಿ ಚೆನ್ನೈಯಲ್ಲಿ ಸೂರ್ಯೋದಯ ಸುಮಾರು 6.35ಕ್ಕೆ, ಮುಂಬಯಿಯಲ್ಲಿ ಸುಮಾರು 7.15ಕ್ಕೆ. ಆದುದರಿಂದ ಚೆನ್ನೈಯ ನೆಂಟರು ಐದಕ್ಕೆ ಏಳುತ್ತಾರೆಂದು ಮುಂಬಯಿಯವರು ನಾಚಬೇಕಾಗಿಲ್ಲ. ಐದೂವರೆಯ ಏಳುವಿಕೆ ಅವರಿಗೆ ಧಾರಾಳವಾಗಿ ಸಾಕು. ಚಳಿಗಾಲದಲ್ಲಿ ಹಗಲಿನ ಬೆಳಕು ಸಿಗುವುದು ಏಳು ದಾಟಿದ ಮೇಲೆ. ಆಗ ಕಾಲುಗಂಟೆ ಹೊರಗೆ ನಡೆದಾಡಬೇಕು.

ದೊರೆತ ಹೊತ್ತಿನ ಬಳಕೆ

ಮೇಲೆ ಹೇಳಿದ ದರ್ಜಿ ಹತ್ತೂವರೆಗೆ ಮಲಗಿ ಐದೂವರೆಗೆ ಎದ್ದರೆ ನಿದ್ರೆ ಏಳು ಗಂಟೆಯೇ ಉಳಿಯುತ್ತದೆ. ಮಗಳನ್ನು ಬಸ್ಸು ಹತ್ತಿಸುವವರೆಗಿನ ಹೊತ್ತು ಅವಳಿಗೇ ಮೀಸಲಾಗಲಿ. ಬಳಿಕ ಅಂಗಡಿ ತೆರೆಯುವವರೆಗೆ ಸಿಗುವ ಹೊತ್ತಿನಲ್ಲಿ ಅಳತೆ ಗುರುತಿಸುವುದು, ಬಟ್ಟೆ ಕತ್ತರಿಸುವುದು, ಲೆಕ್ಕ ಬರೆಯುವುದು ಮೊದಲಾದ ಎಚ್ಚರ ಬೇಡುವ ಕೆಲಸಗಳು ಸಾಗುತ್ತವೆ. ರಾತ್ರಿ ದಣಿದ ಕಣ್ಣುಗಳಿಂದ ತಪ್ಪಾಗಿ ಕತ್ತರಿಸಿದ ಬಟ್ಟೆಯ ಬೆಲೆ ಬಲ್ಲವರಿಗೆ ಇದರ ಲಾಭವನ್ನು ವಿವರಿಸಬೇಕಾಗಿಲ್ಲ.

ನೀರು ಹಿಡಿಯಲು, ಡಬ್ಬಿ ಕಟ್ಟಲು ಮನೆಯಾಕೆ ಅನೇಕ ವರ್ಷಗಳಿಂದ ಐದಕ್ಕೇ ಏಳುತ್ತಿರಬಹುದು. ಗಂಡನ ಏಳುವಿಕೆಯಿಂದ ಆಕೆಗೆ ಇನ್ನೊಂದು ಲೋಟ ಕಾಫಿ ಮಾಡುವ ಕೆಲಸ ಹೆಚ್ಚುವಂತಾಗಬಾರದು. ಡಬ್ಬಿಯನ್ನೋ ನೀರನ್ನೋ ಅವನು ವಹಿಸಿಕೊಂಡರೆ ಆಕೆಗೂ ಅರ್ಧ ಗಂಟೆಯ ನಿದ್ರೆ ದೊರೆತೀತು.

ಹಸುಗೂಸಿನ ತಾಯಿ, ನಡುರಾತ್ರಿ ಹೋಟೆಲು ಮುಚ್ಚುವವರು, ರಾತ್ರಿ ಪಾಳಿಯವರು ಈ ನಿಯಮಕ್ಕೆ ಹೊರತು. ಅವರಿಗೆ ನಿದ್ರೆಯ ಪ್ರಮಾಣವೇ ಮುಖ್ಯ. ಸಾಕಷ್ಟು ಮಲಗಿದರೂ ಹಗಲಲ್ಲಿ ತೂಕಡಿಸುವವರು, ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರುಗಟ್ಟಿದಂತಾಗುವವರು ವೈದ್ಯರನ್ನು ಕಾಣಬೇಕು.

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಅಜ್ಜಿಯ ಕಥೆ ಎಲ್ಲರಿಗೂ ತಿಳಿದದ್ದೇ. ತಲೆದಿಂಬಿನ ಬಳಿಯ ಅಲಾರಾಮನ್ನು ನಂಬಿದವರ ಸ್ಥಿತಿಯೂ ಅಂಥದೇ. ಕೂಗು ಕೇಳಿದ ಮಾತ್ರಕ್ಕೆ ಬೆಳಗಾಗುವುದಿಲ್ಲ. ಹಿಂದಿನ ಸಂಜೆ ಅಂಗಡಿಯ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚಿದಾಗಲೇ ಮರುದಿನದ ಮುಂಜಾನೆ ಸಿದ್ಧವಾಗಿರುತ್ತದೆ.